ಮೇಷ್ಟ್ರ ‘ತಕ್ಕದ್ದು’

ಕೊಟ್ರಪ್ಪ ಮೇಷ್ಟ್ರು ಯಾರನ್ನೂ ಊಟಕ್ಕೆ ಬನ್ನಿ ಎಂದು ಕರೆದವರಲ್ಲ. ‘ಭಾನುವಾರ ಊಟಕ್ಕೆ ಬರತಕ್ಕದ್ದು’ ಎಂದು ಚೀಟಿ ಕಳಿಸುತ್ತಿದ್ದರು. ಹರಿಹರದ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದವರು ಅವರು. ‘ಬಹುದು’ ಯಾವುದು, ‘ತಕ್ಕದ್ದು’ ಯಾವುದು ಎಂಬುದನ್ನು ಕಿವಿ ಹಿಂಡಿಯೇ ಹೇಳಿಕೊಟ್ಟಿದ್ದರು.

“ಬಹುದು ಅಂದ್ರೆ ನಿನ್ನಿಷ್ಟ. ತಕ್ಕದ್ದು ಅಂದ್ರೆ, ನಿನ್ನಿಷ್ಟ ಕೇಳಿದೋರು ಯಾರಲೇ?”

ನಾನು ದಾವಣಗೆರೆಯಲ್ಲಿ ವಕೀಲನಾದ ಮೇಲೂ ಆ ಕಿವಿ ಬಿಸಿಯಾಗಿಯೇ ಇತ್ತು.

ಗುತ್ತೂರಿನ ಅವರ ಮನೆಗೆ ಹೋದರೆ ಹೆಂಡತಿ ಗಂಗಮ್ಮನವರು ಅಡುಗೆಮನೆಯಿಂದ ನೇರ ಬಂದು ಕೈಗೆ ಚಹಾ ಕೊಡುತ್ತಿದ್ದರು. ಅವರಿಗೆ ಕಣ್ಣು ಕಾಣಿಸುವುದಿಲ್ಲವೆಂದು ಹೊಸಬರಿಗೆ ತಿಳಿಯುವುದೇ ತಡವಾಗುತ್ತಿತ್ತು. ಆ ಮನೆಯ ಗೋಡೆ, ಹೊಸ್ತಿಲುಗಳೇ ಅವರಿಗೆ ಕಣ್ಣು.

ತೊಂಬತ್ತೇಳನೇ ಇಸವಿಯ ಸುಮಾರಿಗೆ ಸರ್ಕಾರದ ಹೊಸ ರಸ್ತೆಯ ನಕ್ಷೆ ಆ ಮನೆಯ ಮೇಲೇ ಹಾದುಬಂತು. ಮೇಷ್ಟ್ರು ಕಾಯಿದೆಯ ಪುಸ್ತಕ ಹಿಡಿದು ಕೆ.ಬಿ. ಬಡಾವಣೆಯ ನನ್ನ ಆಫೀಸಿಗೆ ಬಂದರು. ಒಂದು ಸಾಲಿಗೆ ಕೆಂಪು ಪೆನ್ಸಿಲ್ ಎಳೆದಿದ್ದರು: ಕೆಲಸ ಶುರುವಾಗುವ ಮುನ್ನ ಯೋಜನೆಯನ್ನು ಶಾಸನಸಭೆಯ ಮುಂದೆ ‘ಇಡತಕ್ಕದ್ದು’. ಇಟ್ಟಿರಲಿಲ್ಲ.

“ರಸ್ತೆ ಬ್ಯಾಡ ಅನ್ನಲ್ಲಪ್ಪ. ನೋಡಬೇಕಾದೋರು ಒಮ್ಮೆ ನೋಡ್ಲಿ. ಪಕ್ಕದಾಗೆ ಖಾಲಿ ಜಾಗ ಐತೆ, ಹತ್ತು ಮಾರು ಸರಿಸ್ರಿ ಅಂತ ಯಾರಾದ್ರೂ ಅಂದಾರು. ಇನ್ನೊಂದು ಮನಿ ಕಲಿಯೋ ವಯಸ್ಸಲ್ಲ ಗಂಗಮ್ಮಂದು.”

“ಗೆಲ್ತೀವಿ ಸಾರ್” ಎಂದೆ. ಹಾಗೆ ಹೇಳಬಾರದಿತ್ತು. ‘ತಕ್ಕದ್ದು’ ಇದ್ದಮೇಲೆ ಸೋಲೆಲ್ಲಿಯದು ಎಂದು ವಕೀಲನಾಗಿ ಅಲ್ಲ, ಅವರ ಶಿಷ್ಯನಾಗಿ ನಂಬಿದ್ದೆ.

ನ್ಯಾಯಾಧೀಶರು ಸಮಾಧಾನದಿಂದಲೇ ವಾದ ಆಲಿಸಿದರು. ಯೋಜನೆ ಶಾಸನಸಭೆಯ ಮುಂದೆ ಯಾಕೆ ಬರಲಿಲ್ಲವೆಂದು ಸರ್ಕಾರವನ್ನು ಕೇಳಬೇಕಾದದ್ದು ಆ ಸಭೆಯೇ, ನ್ಯಾಯಾಲಯವಲ್ಲ. ಇಲ್ಲಿನ ‘ತಕ್ಕದ್ದು’ ಸೂಚನೆಯೇ ಹೊರತು ಕಡ್ಡಾಯವಲ್ಲ, ಅದಕ್ಕಾಗಿ ಕೆಲಸ ನಿಲ್ಲಿಸಲಾಗದು ಎಂದು ತೀರ್ಪಾಯಿತು. ಸಭೆಯಂತೂ ಕೇಳಲಿಲ್ಲ.

ಮೇಲಿನ ಕೋರ್ಟಿಗೆ ಹೋಗೋಣ ಎಂದರೆ ಮೇಷ್ಟ್ರು ಒಪ್ಪಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ನಿಂತು, “ಮೂವತ್ತು ವರ್ಷ ನಿಮಗೆಲ್ಲ ತಪ್ಪು ಕಲಿಸಿದ್ನಲ್ಲಪ್ಪ” ಎಂದರು.

ಗುತ್ತೂರಿನ ಮನೆ ಕೆಡವಿದ ಮೇಲೆ, ನಿಜಲಿಂಗಪ್ಪ ಬಡಾವಣೆಯ ಬಾಡಿಗೆ ಮನೆಯಲ್ಲಿ ಅವರು ಮಂಚದಿಂದ ಬಚ್ಚಲಿನವರೆಗೆ ಹಗ್ಗ ಕಟ್ಟಿದ್ದರು. ಆದರೂ ಗಂಗಮ್ಮನವರ ಹಣೆಯ ಗಾಯ ಮಾಯಲೇ ಇಲ್ಲ. ಅದನ್ನು ನೋಡಿದ ಮೇಲೆ ಆ ಕಡೆ ಹೋಗಲು ನನಗೆ ಮುಖವಿರಲಿಲ್ಲ. ಕೆಲವು ತಿಂಗಳ ನಂತರ ಒಂದು ಚೀಟಿ ಬಂತು. ‘ಬಿಡುವಿದ್ದರೆ ಊಟಕ್ಕೆ ಬರಬಹುದು.’

ಆ ಕೊನೆಯ ಪದ ನೋಡಿ ಅತ್ತುಬಿಟ್ಟೆ. ಅತ್ತೆನೇ ಹೊರತು ಹೋಗಲಿಲ್ಲ.

ಹೋದದ್ದು ಅವರು ತೀರಿಕೊಂಡ ಬೆಳಿಗ್ಗೆ. ಮೇಷ್ಟ್ರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಜನ ತುಂಬಿದ್ದರು. ಗಂಗಮ್ಮನವರು ಒಳಬಾಗಿಲಲ್ಲಿ ಗೋಡೆ ತಡವುತ್ತ ನಿಂತಿದ್ದರು. ನನ್ನ ದನಿ ಗುರುತು ಹಿಡಿದು ಕೈಚಾಚಿದರು.

“ಎಲ್ಲಿ ಕೂರ್ಸೀರಪ್ಪ ಅವರನ್ನ? ಈ ಮನಿ ನಂಗೆ ಗೊತ್ತಾಗಲ್ಲ.”

ನಾಲ್ಕೇ ಹೆಜ್ಜೆ. ಕೈಹಿಡಿದು ಕರೆದೊಯ್ದೆ.