ಎಳ್ಳ ಅಮಾವಾಸ್ಯೆಯಂದು ಊರು ಬಿಟ್ಟವರು

ಉಮರ್ಗಾದ ನಮ್ಮ ಓಣಿಯಲ್ಲಿ ಪ್ರಯಾಗಕ್ಕನ ಬಾಯಿಗೆ ಹೆದರದವರಿಲ್ಲ. ಕಾಳುಕಡಿಯ ಅಡತಿ ಅಂಗಡಿಯಲ್ಲಿ ಎಲ್ಲರನ್ನೂ ಗದರುವ ಆಕೆಯ ಗಂಡ ಮನ್ಮಥಪ್ಪನವರು ಮನೆಗೆ ಬಂದರೆ ಚಪ್ಪಲಿಯನ್ನೂ ಸದ್ದಾಗದಂತೆ ಬಿಡುತ್ತಾರೆ. ಅಂಥ ಪ್ರಯಾಗಕ್ಕ, ಸಿಂಧ್ ಕಡೆಯಿಂದ ಗಡಿ ದಾಟಿ ಬಂದ ಸಂಸಾರವೊಂದಕ್ಕೆ ಇರಲು ಹಿತ್ತಲ ಖೋಲಿ ಕೊಟ್ಟಾಗ ಓಣಿಯೆಲ್ಲ ಗುಸುಗುಸು. ಅದನ್ನು ಕೇಳಿ ನನಗಂತೂ ಮೈ ಉರಿಯಿತು. ಇವರಪ್ಪನ ಗಂಟೇನು ಹೋಗುತ್ತಿತ್ತು?

ಗಂಡ ಪೂನಮೋ, ಹೆಂಡತಿ ಕೇಸರ, ಒಬ್ಬಳು ಪುಟ್ಟ ಮಗಳು. ಪೂನಮೋಗೆ ಮನ್ಮಥಪ್ಪನವರ ಅಂಗಡಿಯಲ್ಲೇ ಕೈಗಾಡಿ ತಳ್ಳುವ ಕೆಲಸ. ಕೇಸರಳಿಗೆ ಜೋಳದ ರೊಟ್ಟಿ ಬಡಿಯಲು, ಬಸ್ಸಿನ ಬೋರ್ಡು ಓದಲು, ಕಾಯಿಪಲ್ಲೆಯವಳ ಜೊತೆ ಜಗಳಾಡಲು ಪ್ರಯಾಗಕ್ಕನೇ ಕಲಿಸಿದಳು. ಕೇಸರ ಎಲ್ಲ ಕಲಿತಳು, ಆದರೆ ನಿದ್ದೆಯಲ್ಲಿ ನಡೆಯುವವಳ ಹಾಗೆ. ಮಾತಾಡುತ್ತಾಡುತ್ತಲೇ ಎಲ್ಲೋ ಹೋಗಿಬಿಡುತ್ತಿದ್ದಳು. ಒಗೆದ ಬಟ್ಟೆ ಒಣಗಿತೋ ಇಲ್ಲವೋ, ಮಡಚಿ ಮತ್ತೆ ಗಂಟಿಗೆ ಸೇರಿಸುವಳು. ಗೂಟವಿದ್ದರೂ ಅದಕ್ಕೊಂದು ಬಟ್ಟೆ ತೂಗುಹಾಕಿದವಳಲ್ಲ.

"ಇಕಿ ಇಲ್ಲಿ ನಿಂದ್ರತಾಳೇನ ಸುಗಂಧಾ?" ಎಂದು ಪ್ರಯಾಗಕ್ಕ ನನ್ನನ್ನು ಕೇಳುವಳು. "ಆಕಿ ಜೀವ ಇಲ್ಲಿ ಇಲ್ಲೇ ಇಲ್ಲ ನೋಡು."

"ಇರ್ಲಿ ಬಿಡಕ್ಕಾ, ಹೊಸಬಳು," ಎಂದರೆ ನನ್ನ ಮೇಲೇ ಸಿಡುಕುವಳು. ಕೇಸರ ಇಲ್ಲೇ ಉಳಿಯಬೇಕು, ಅದೊಂದೇ ಆಕೆಗೆ ಹತ್ತಿದ್ದ ಹುಚ್ಚು.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಊರಲ್ಲಿ ನಾಯಿಯೂ ಉಳಿಯುವುದಿಲ್ಲ. ನಸುಕಿನಲ್ಲೇ ಅಂಬಲಿಯ ಗಡಿಗೆ, ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ಕಡುಬಿನ ಬುಟ್ಟಿ ಹೊತ್ತುಕೊಂಡು ಎಲ್ಲರೂ ಪೂಜೆಗೆಂದು ಹೊಲಕ್ಕೆ. ಹೊಲವಿಲ್ಲದವರು ಸಿಕ್ಕ ಟೆಂಪೋ ಹತ್ತಿ ಯಾರದಾದರೂ ಹೊಲದಲ್ಲಿ ಉಣ್ಣುತ್ತಾರೆ. ಕರೆಯುವುದು, ಹೇಳಿಕಳಿಸುವುದು ಪದ್ಧತಿಯೇ ಅಲ್ಲ. ಹಾಗಾಗಿ ಕೇಸರಳಿಗೂ ಯಾರೂ ಹೇಳಲಿಲ್ಲ. ಪೂನಮೋ ಬೇರೆ ಹಿಂದಿನ ದಿನವೇ ಲಾರಿಯೊಂದಿಗೆ ಸೋಲಾಪುರಕ್ಕೆ ಹೋಗಿದ್ದ.

ನಾನು ಹೋದದ್ದು ಹೆದ್ದಾರಿ ಪಕ್ಕದ ಪ್ರಯಾಗಕ್ಕನ ಹೊಲಕ್ಕೆ. ಆ ಮುಂಜಾನೆಯ ಮಂಜು! ಯೆಣೆಗೂರ ಕಡೆಯ ಹೆದ್ದಾರಿಯೇ ಇಲ್ಲವೆನ್ನುವಂತೆ ಕರಗಿಹೋಗಿತ್ತು. ಜೋಳದ ತೆನೆಗಳು ಹಾಲಿನಲ್ಲಿ ನಿಂತ ಹಾಗಿದ್ದವು. ಜನ ಮೊದಲು ಬರೀ ದನಿಯಾಗಿ ಬಂದು, ಹತ್ತಿರವಾದ ಮೇಲೆ ಮನುಷ್ಯರಾಗುತ್ತಿದ್ದರು. ಎಲ್ಲಿ ನೆಲ ಮುಗಿದು ಎಲ್ಲಿ ಆಕಾಶ ಶುರುವಾಯಿತೋ, ಕನಸೋ ಎಚ್ಚರವೋ ಎಂದು ನಾನೂ ಒಂದು ಗಳಿಗೆ ಮೈಮರೆತು ನಿಂತಿದ್ದೆ.

ಪ್ರಯಾಗಕ್ಕನ ಅತ್ತೆ ಕುಸುಮಬಾಯಿ ಮಾತ್ರ ಮನೆಯಲ್ಲಿದ್ದರು. ಕಿವಿ ಕೇಳದು, ಟೊಂಕನೋವು. ಟೆಂಪೋದ ಕುಲುಕಾಟ ಬೇಡವೆಂದು ಮಗನೇ ಬಿಟ್ಟು ಬಂದಿದ್ದರು. ಪೂಜೆಯಾದ ಮೇಲೆ ಅವ್ವನಿಗೆ ಡಬ್ಬಿ ಒಯ್ದ ಮನ್ಮಥಪ್ಪನವರು ಗಾಬರಿಯಾಗಿ ವಾಪಸು ಓಡಿ ಬಂದರು.

"ಮನಿಗೆ ಕೀಲಿ ಹಾಕ್ಯದ! ಅವ್ವ ಇಲ್ಲ. ಕೇಸರ ಇಲ್ಲ, ಆಕಿ ಗಂಟಿಲ್ಲ, ಕೈಗಾಡೀನೂ ಇಲ್ಲ!"

"ಕೊಡ್ರಿ ಇನ್ನ, ಕಂಡಕಂಡವ್ರಿಗೆ ಖೋಲಿ ಕೊಡ್ರಿ," ಎಂದಳು ಪಕ್ಕದ ಹೊಲದ ಮಾಣಿಕಬಾಯಿ.

"ನೀ ಬಾಯಿ ಮುಚ್ಚು," ಎಂದು ಗದರಿದಳು ಪ್ರಯಾಗಕ್ಕ. ಕೈಯಲ್ಲಿದ್ದ ಸಟ್ಟುಗವನ್ನು ಅಲ್ಲೇ ಬಿಸಾಡಿದಳು. "ಹೋದಳಲ್ಲ ಸುಗಂಧಾ, ಹೇಳದ ಕೇಳದ ಹೋದಳಲ್ಲ!" ಎನ್ನುತ್ತ ಬರಿಗಾಲಲ್ಲೇ ರಸ್ತೆಗೆ ಓಡಿದಳು. ನಾನೂ ಹಿಂದೆ ಓಡಿದೆ.

ಹೊತ್ತೇರಿದರೂ ಮಂಜು ಪೂರ್ತಿ ಹರಿದಿರಲಿಲ್ಲ. ಅದರೊಳಗಿಂದ ಗಾಲಿಯ ಕಿರ್ರ್ ಸದ್ದು ಕೇಳಿತು. ಆಮೇಲೆ ಕೈಗಾಡಿ ಕಂಡಿತು. ಮೇಲೆ ಕೇಸರಳ ಗಂಟಿನ ಪಕ್ಕ, ಕೌದಿ ಹೊದ್ದು, ಮಡಿಲಲ್ಲಿ ಆಕೆಯ ಮಗಳನ್ನಿಟ್ಟುಕೊಂಡು, ಮೆರವಣಿಗೆಯ ಮದುಮಗಳ ಹಾಗೆ ಕೂತಿದ್ದರು ಕುಸುಮಬಾಯಿ! ಹಿಂದೆ ಬಾಗಿ ತಳ್ಳುತ್ತಿದ್ದವಳು ಕೇಸರ.

"ಹೊಟ್ಟ್ಯಾಗ ಹುಟ್ಟಿದಂವಾ ಬಿಟ್ಟು ಬಂದ," ಎಂದು ಮುದುಕಿ ದೂರದಿಂದಲೇ ಕೂಗಿದರು. "ಈ ಹುಡುಗಿ ನೋಡ್ರಿ, ಅಂಬಲಿ ಕುಡಿಸ್ಲಿಕ್ಕ ಕರ್ಕೊಂಡ ಬಂದಾಳ!"

ಕೇಸರಳ ಅಂಗೈ ಬೊಕ್ಕೆ ಎದ್ದಿತ್ತು. ಹೊಲದಲ್ಲಿ ನಗುತ್ತ ಉಣ್ಣುತ್ತಿದ್ದವರನ್ನು ಕಂಡು ಕಂಗಾಲಾದಳು. ಆಕೆಯ ಹರಕು ಹಿಂದಿಯನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ದೀದಿ, ಇಲ್ಲೇ ಯಾಕ ಕುಂತೀರಿ? ಓಡ್ರಿ! ಅವರು ಎಲ್ಲೀತನ ಬಂದಾರ?"

"ಯಾರು ತಂಗಿ?"

"ಊರೆಲ್ಲ ಗಂಟು ಹೊತ್ತು ಹೊಂಟಿತ್ತಲ್ಲ, ಯಾರಿಗೆ ಹೆದರಿ?"

ಪ್ರಯಾಗಕ್ಕ ಗಾಡಿಯ ಹಿಡಿಯಿಂದ ಕೇಸರಳ ಕೈ ಬಿಡಿಸಿದಳು. "ಯಾರೂ ಬಂದಿಲ್ಲವ್ವ," ಎಂದಳು. "ಇವತ್ತ ಹಬ್ಬ. ಉಣ್ಲಿಕ್ಕ ಬಂದೀವಿ."

ಕೇಸರ ಆಕೆಯ ಮುಖವನ್ನೇ ನೋಡಿದಳು. "ನಾವು ಬಿಟ್ಟ ದಿನಾನೂ ಹಿಂಗೇ ನಸುಕಿನ್ಯಾಗ ಓಣಿ ಖಾಲಿ ಆತು. ಆ ಗಡಿಬಿಡ್ಯಾಗ ನಮ್ಮವ್ವ ಹಿಂದುಳಿದಳು. ಇವತ್ತ ಈ ಆಯಿ ಮನ್ಯಾಗ ಒಬ್ಬಾಕಿನೇ ಕಂಡಳು. ನೀವೂ ಮರೆತಿರಿ ಅಂತ ತಿಳಿದೆ."

ನನಗೆ ಅಳು ತಡೆಯಲಾಗಲಿಲ್ಲ. ಮನ್ಮಥಪ್ಪನವರು ಟೋಪಿ ತೆಗೆದು ಮುಖ ಒರೆಸಿಕೊಂಡರು. ಪ್ರಯಾಗಕ್ಕ ಕೇಸರಳನ್ನು ಎದೆಗವಚಿಕೊಂಡು, ಅಳುತ್ತಳುತ್ತಲೇ ಬೈದಳು.

"ಇನ್ನೊಮ್ಮಿ ನನ್ನ ಬಿಟ್ಟು ಓಡಿದ್ರ ಕಾಲು ಮುರೀತೀನಿ. ಓಡೂದಿದ್ದರ ನನಗೂ ಆ ಗಾಡ್ಯಾಗ ಹಾಕ್ಕೊಂಡೇ ಓಡು!"

ಕೇಸರ ತನ್ನ ಬೊಕ್ಕೆಯೆದ್ದ ಅಂಗೈ ನೋಡಿಕೊಂಡಳು. ಆಮೇಲೆ ಪ್ರಯಾಗಕ್ಕನ ದುಂಡು ಮೈಯನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ಭಾಳ ವಜ್ಜಿ ಇದ್ದೀರಿ ದೀದಿ," ಎಂದಳು. "ನಾ ಇಲ್ಲೇ ಇರ್ತೀನಿ."