ರಾತ್ರಿ ಹತ್ತಕ್ಕೆ ತೆರೆಯುವ ಬಾಗಿಲು

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅತ್ತಿಗೆ ನಾದಿನಿಯರ ಉದ್ಯೋಗ. ಕೆಳಗಿನ ಅಂಗಡಿ ಒಬ್ಬಳಿಗೆ ಗಂಡನದು, ಇನ್ನೊಬ್ಬಳಿಗೆ ಅಣ್ಣನದು. ಗಾಳಿ ತುಂಬುವ ಪಂಪಿನ ಸದ್ದಿನಲ್ಲಿ ಮಾತ್ರ ಇಬ್ಬರಿಗೂ ಸಮಪಾಲು.

ಅತ್ತಿಗೆ ಹದಿನಾರು ವರ್ಷ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದವಳು. ಸಂಜೆಯ ತರಗತಿಗಳಲ್ಲಿ, ತನ್ನ ಅರ್ಧ ವಯಸ್ಸಿನವರ ನಡುವೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಮೊದಲು ಬಿಟ್ಟುಹೋದ ಶಾಲೆಯ ಪಾಠ, ಆಮೇಲೆ ಕಂಪ್ಯೂಟರು ಕಲಿತವಳು. ಈಗ ಅಂಗಡಿಗಳ ವೆಬ್‌ಸೈಟಿಗೆ ಸೇರಿಸಿಕೊಳ್ಳುವ ಪುಟ್ಟ ಪ್ಲಗಿನ್ ಒಂದನ್ನು ಕಟ್ಟಿದ್ದಾಳೆ. ಅಂಗಡಿ ಈ ಗಳಿಗೆಯಲ್ಲಿ ತೆರೆದಿದೆಯೋ ಮುಚ್ಚಿದೆಯೋ ಹೇಳುವುದಷ್ಟೇ ಅದರ ಕೆಲಸ. ಓಪನ್ ಸೋರ್ಸ್ ಆದ್ದರಿಂದ ಅದರ ಒಳಗುಟ್ಟೆಲ್ಲ ಬಯಲಿನಲ್ಲಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಿಟ್ಟಿಯಾಗಿ ಬಳಸಬಹುದು. ಹಲವು ಶಾಖೆಗಳುಳ್ಳ ಅಂಗಡಿಗಳು ಆರೈಕೆಗೆಂದು ವರ್ಷದ ಚಂದಾ ಕೊಡುತ್ತವೆ. ಇಮೇಲಿನಲ್ಲಿ ಬಂದ ಕಾಗದಗಳಿಗೆ ಉತ್ತರಿಸುವವಳು ನಾದಿನಿ.

ಬಿಟ್ಟಿ ಬಳಸುವವರು ಯಾರೆಂದು ಇಬ್ಬರಿಗೂ ತಿಳಿಯದು. ಎಲ್ಲ ಸರಿಯಿರುವವರೆಗೆ ಅವರು ತುಟಿ ಬಿಚ್ಚರು. ಕೆಟ್ಟ ದಿನವೇ ಮೊದಲ ಕಾಗದ. ಐದು ವರ್ಷಗಳಿಂದ ಅಂಥ ಕಾಗದ ಬಂದಾಗಲೆಲ್ಲ ತಪ್ಪು, ತಮ್ಮ ಹೊತ್ತನ್ನು ತಪ್ಪಾಗಿ ತುಂಬಿದ ಅಂಗಡಿಯವರದೇ ಆಗಿರುತ್ತಿತ್ತು. ಪ್ಲಗಿನ್ನಿನ ಪುಟದ ನೆತ್ತಿಯ ಮೇಲೆ ‘ನೀವು ಬರೆದ ಹೊತ್ತನ್ನೇ ತೋರಿಸುತ್ತದೆ’ ಎಂಬ ಸಾಲಿದೆ. ಆ ಸಾಲು ಅತ್ತಿಗೆಯ ಮಾನ.

ಹೊಸ ಆವೃತ್ತಿಗಾಗಿ ಹಳೆಯ ಕೋಡನ್ನು ಗುಡಿಸುತ್ತಿದ್ದಾಗ ಒಂದು ತುಂಡು ಅವಳ ಕಣ್ಣಿಗೆ ಬಿತ್ತು. ಒಂದು ದಿನ ರಾತ್ರಿ ತೆರೆದು ಮರುದಿನ ಬೆಳಿಗ್ಗೆ ಮುಚ್ಚುವ ಅಂಗಡಿಗಳಿಗೆಂದು ಅವಳೇ ಎಂದೋ ಬರೆದದ್ದು.

“ರಾತ್ರಿ ಹತ್ತಕ್ಕೆ ತೆಗೆದು ಬೆಳಿಗ್ಗೆ ಆರಕ್ಕೆ ಮುಚ್ಚೋದಂತೆ! ಯಾವ ಮರ್ಯಾದಸ್ಥರ ಅಂಗಡಿ ಕಣೇ ಅದು? ಹಾಗೆ ಬರೆದ್ರೆ ಬೆಳಗು ಬೈಗು ಅದಲುಬದಲು ಮಾಡಿದ್ದಾರೆ ಅಂತಲೇ ಅರ್ಥ.”

“ಇದ್ರೂ ಇರಬಹುದಲ್ವಾ ಅತ್ತಿಗೆ?”

“ಕಳ್ಳರ ಸಂತೆ ಇರಬಹುದು. ಅವರಿಗೆ ವೆಬ್‌ಸೈಟ್ ಯಾಕೆ?”

ತುಂಡು ಹೋಯಿತು. ಅಂಥ ಹೊತ್ತು ಕಂಡರೆ ‘ಮುಚ್ಚಿದೆ’ ಎಂದು ತೋರಿಸುವಂತೆ ಮಾಡಿ, ಸೋಮವಾರ ಹೊಸ ಆವೃತ್ತಿಯನ್ನು ಹೊರಬಿಟ್ಟಳು.

ಗುರುವಾರ ಬೆಳಿಗ್ಗೆ ನಾದಿನಿ ಒಂದು ಕಾಗದವನ್ನು ಗಟ್ಟಿಯಾಗಿ ಓದಿದಳು. ‘ನಮ್ಮದು ರಾತ್ರಿ ಮಾತ್ರ ತೆರೆಯುವ ಔಷಧಿ ಅಂಗಡಿ. ಮೂರು ರಾತ್ರಿಗಳಿಂದ ನಿಮ್ಮ ಪ್ಲಗಿನ್ ಮುಚ್ಚಿದೆ ಎನ್ನುತ್ತಿದೆ. ನಾನು ದೀಪ ಹಾಕಿಕೊಂಡು ಕೂತೇ ಇದ್ದೇನೆ. ನಿನ್ನೆ ಒಬ್ಬ ತಂದೆ ಅದನ್ನು ನಂಬಿ ಊರೆಲ್ಲ ಸುತ್ತಿ, ಕೊನೆಗೆ ದೀಪ ಕಂಡು ಒಳಗೆ ಬಂದರು. ಮಗುವಿನ ಜ್ವರ ಇಳಿಯಿತಂತೆ. ನನ್ನ ಕೋಪ ಇಳಿದಿಲ್ಲ.’

ಅತ್ತಿಗೆ ಕನ್ನಡಕ ತೆಗೆದು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಮಧ್ಯಾಹ್ನದೊಳಗೆ ತುಂಡು ತನ್ನ ಜಾಗಕ್ಕೆ ಮರಳಿತು. ಉಳಿದದ್ದು, ಬಳಸುವವರೆಲ್ಲ ಓದುವ ಆವೃತ್ತಿಯ ಟಿಪ್ಪಣಿ. ನಾದಿನಿ ಬರೆದು ತೋರಿಸಿದಳು: ‘ಕೆಲವರಿಗೆ ಅನಾನುಕೂಲ ಉಂಟಾಗಿದ್ದು, ಸರಿಪಡಿಸಲಾಗಿದೆ.’

“ಅನಾನುಕೂಲ ತಾನಾಗೇ ಬಂತಾ, ಮಳೆ ಬಂದ ಹಾಗೆ?”

“ಎಲ್ಲರೂ ಹೀಗೇ ಬರೀತಾರೆ. ಇಷ್ಟು ವರ್ಷದ ಹೆಸರು, ಯಾಕೆ ನಾವೇ ಮಸಿ ಬಳ್ಕೋಬೇಕು?” ನಾದಿನಿ ಕುರ್ಚಿಯನ್ನು ಒಂದಿಷ್ಟು ದೂರ ಸರಿಸಿಕೊಂಡಳು. “ಇನ್ನೊಂದು ಮಾತು, ಬೈಬೇಡಿ. ನೀವು ಕಲಿತ ಶಾಲೆ ಬಾಗಿಲು ತೆಗೀತಿದ್ದಿದ್ದೇ ಸಂಜೆ ಏಳಕ್ಕೆ. ಎದುರುಮನೆ ಅಜ್ಜಿ ಆಗ ಏನಂತಿದ್ರು? ‘ಇದ್ಯಾವ ಮರ್ಯಾದಸ್ಥರ ಶಾಲೆ?’”

ಆ ಅಜ್ಜಿಯ ಮಾತಿಗೆ ಉರಿದು ಬೂದಿಯಾಗಿ, ಆ ಉರಿಯಲ್ಲೇ ಪರೀಕ್ಷೆ ಪಾಸು ಮಾಡಿದವಳು ಅತ್ತಿಗೆ. ಅವಳು ನಾದಿನಿಯ ಸಾಲನ್ನು ಅಳಿಸಿ ಹೀಗೆ ಬರೆದಳು: ‘ರಾತ್ರಿ ತೆರೆಯುವ ಅಂಗಡಿಗಳೇ ಇಲ್ಲವೆಂದು ಭಾವಿಸಿದೆ. ಇರಬಹುದೆಂದವರ ಮಾತನ್ನು ತಳ್ಳಿಹಾಕಿದೆ. ತಪ್ಪು ನನ್ನದು.’ ಪ್ರಕಟಿಸುವ ಗುಂಡಿಯನ್ನು ಒತ್ತಿ, ಯಾರ ಮುಖವನ್ನೂ ನೋಡದೆ ಕೆಳಗಿಳಿದು, ಗಂಡನ ಅಂಗಡಿಯ ಮುಂದಿನ ಕಸವನ್ನು ಗುಡಿಸಿದಳು. ಅದನ್ನು ಬೆಳಿಗ್ಗೆಯೇ ಒಮ್ಮೆ ಗುಡಿಸಿಯಾಗಿತ್ತು.

ಬೈಗುಳದ ಮಳೆಗೆ ಅವಳು ಮೈಯೊಡ್ಡಿ ಕುಳಿತಿದ್ದಳು. ಬಂದ ಕಾಗದಗಳೇ ಬೇರೆ. ಬ್ರೆಡ್ಡಿನ ಒಲೆ ನಡೆಸುವವನೊಬ್ಬ, ಹೆದ್ದಾರಿಯ ಪಂಕ್ಚರಿನವನೊಬ್ಬ, ಮೀನಿನ ಸಗಟು ವ್ಯಾಪಾರದ ಹೆಂಗಸೊಬ್ಬಳು: ‘ನಮ್ಮದೂ ರಾತ್ರಿಯೇ. ಮುಂದೆ ನೆನಪಿರಲಿ’ ಎಂದು ತಮ್ಮ ತಮ್ಮ ಹೊತ್ತು ಬರೆದು ಕಳಿಸಿದ್ದರು. ಔಷಧಿಯವನದು ಒಂದೇ ಸಾಲು: ‘ತೆರೆದಿದೆ ಎನ್ನುತ್ತಿದೆ. ಕೋಪವೂ ಇಳಿಯಿತು.’ ಐದು ವರ್ಷ ಮುಖವಿಲ್ಲದಿದ್ದವರಿಗೆ ಒಂದೇ ವಾರದಲ್ಲಿ ಮುಖ ಬಂತು. ಅತ್ತಿಗೆ ಅವರ ಹೊತ್ತುಗಳನ್ನೆಲ್ಲ ಪ್ಲಗಿನ್ನನ್ನು ಒರೆಗೆ ಹಚ್ಚುವ ಪರೀಕ್ಷೆಯ ಪಟ್ಟಿಗೆ ಸೇರಿಸಿದಳು. ಇನ್ನು ಮೇಲೆ ಆ ಪಟ್ಟಿಯನ್ನು ದಾಟದೆ ಯಾವ ಆವೃತ್ತಿಯೂ ಹೊಸ್ತಿಲು ದಾಟುವಂತಿಲ್ಲ.

“ಅತ್ತಿಗೆ, ಗಡಿಯಾರ ರಿಪೇರಿಯವರೊಬ್ಬರು ವಾರಕ್ಕೆ ಒಂದೇ ಗಂಟೆ ತೆಗೀತಾರಂತೆ. ತಪ್ಪು ಬರೆದಿರಬೇಕು.”

“ನಿನಗ್ಯಾಕೇ ಆ ಉಸಾಬರಿ? ಅವರ ಬಾಗಿಲು, ಅವರ ಹೊತ್ತು. ಪಟ್ಟಿಗೆ ಸೇರಿಸು.”