ಇವರ ಕಿವಿಗೆ ಯಾವ ಸರಕಾರ?

ನಿನ್ನೆ ಹೊಲಿಗೆ ಡಬ್ಬಿಯ ತಳದಲ್ಲಿ ಒಂದು ಬ್ಯಾಟರಿ ಸಿಕ್ಕಿತು. ತೊಗರಿಕಾಳಿನಷ್ಟು ದೊಡ್ಡದು, ಚಪ್ಪಟೆ. ಕಿವಿಯ ಮಿಷನ್ನಿನದು. ಮಗಳು ವಿಜಯಾ ಎಸೆಯಲು ಹೋದಳು. "ಇರಲಿ ಬಿಡೆ" ಎಂದೆ. ಅದನ್ನು ಕಂಡ ಮೇಲೆ ಈ ಕತೆಯನ್ನು ನಿಮಗೆ ಹೇಳದೆ ನನಗೆ ಊಟ ಸೇರುವುದಿಲ್ಲ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಐದಾರು ವರ್ಷದ ಹಿಂದಿನ, ತೊಂಬತ್ತೇಳನೆಯ ಇಸವಿಯ ಮಾತು. ನಾನೂ ನನ್ನ ಯಜಮಾನರೂ ಸ್ಯಾನ್ ಡಿಯಾಗೋಗೆ, ಕಾರ್ಮೆಲ್ ವ್ಯಾಲಿಯ ಈ ಮಗಳ ಮನೆಗೆ, ಬಂದು ಎರಡು ವರ್ಷವಾಗಿತ್ತು. ಕಾರಿಲ್ಲದೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ತರಲಾಗದ ಊರು ಇದು. ಇವರು ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಕಾಲದ ಇಂಡಿಯನ್ ಆರ್ಮಿಯ ಲಾರಿ ಓಡಿಸಿದವರು. ಇಟಲಿಯಲ್ಲಿ ಸೇತುವೆಯೊಂದರ ಹತ್ತಿರ ಶೆಲ್ ಬಿದ್ದು ಕಿವಿ ಕೆಟ್ಟಿತು ಎನ್ನುತ್ತಿದ್ದರು. ಅರ್ಧ ಅಲ್ಲಿ ಕೆಟ್ಟಿದ್ದಿರಬಹುದು, ಉಳಿದರ್ಧ ವಯಸ್ಸಿಗೆ ಹೋಯಿತು. ಊಟಕ್ಕೆ ಕರೆಯಬೇಕಾದರೆ ನಾನು ಟಿವಿಗೆ ಅಡ್ಡ ನಿಂತು ಸೌಟು ಆಡಿಸಬೇಕಿತ್ತು.

ಅಳಿಯ ಸುರೇಶ ಟೆಲಿಕಾಂ ಕಂಪನಿಯ ಇಂಜಿನಿಯರು. ನನ್ನ ಅಣ್ಣನ ಮಗನೇ. ಎತ್ತಿ ಆಡಿಸಿದವನಾದ್ದರಿಂದ ನನ್ನ ಬಾಯಲ್ಲಿ ಅವನಿಗೆ ಬಹುವಚನವಿಲ್ಲ. "ಮಾವ, ಬನ್ನಿ, ಹಿಯರಿಂಗ್ ಏಡ್ ಕೊಡಿಸ್ತೀನಿ" ಎಂದು ಹತ್ತು ಸಲ ಕರೆದ. ಇವರದು ಒಂದೇ ಹಟ. "ಅಳಿಯನ ಕೈಲಿ ಕಿವಿ ಕೊಡಿಸ್ಕೊಳೋ ಗತಿ ನನಗಿನ್ನೂ ಬಂದಿಲ್ಲ. ಕೆಡಿಸಿದ್ದು ಸರಕಾರ, ಸರಕಾರವೇ ಕೊಡ್ಲಿ." ಯಾವ ಸರಕಾರ ಎಂದು ಮಾತ್ರ ನಾವ್ಯಾರೂ ಕೇಳಲಿಲ್ಲ.

ಆಗ ಪಕ್ಕದ ಮನೆಯಲ್ಲಿ ವಾಲ್ಟರ್ ಅಂತ ಒಬ್ಬ ಮುದುಕನಿದ್ದ. ಅದೇ ಯುದ್ಧದಲ್ಲಿ ಅಮೆರಿಕದ ಹಡಗಿನಲ್ಲಿ ಅಡಿಗೆಯವನಾಗಿದ್ದವನು. ಅವನ ಅಡಿಗೆಮನೆಯ ನೆತ್ತಿಯ ಮೇಲೇ ತೋಪು ಹಾರಿಸುತ್ತಿದ್ದರಂತೆ. ಕಿವಿ ಕೆಟ್ಟದ್ದು ಸೇವೆಯಿಂದಲೇ ಎಂದು ಒಪ್ಪಿ, ಮಾಜಿ ಸೈನಿಕರ ಆಸ್ಪತ್ರೆಯವರು ಅವನಿಗೆ ಎರಡು ಮಿಷನ್ ಕೊಟ್ಟಿದ್ದರು. ಇವರಿಗೆ ಹೊಟ್ಟೆ ಉರಿಯಿತು. "ಆಲೂಗಡ್ಡೆ ಸುಲಿದೋನಿಗೆ ಎರಡು ಕಿವಿ, ಶೆಲ್ ಕೆಳಗೆ ಲಾರಿ ಓಡಿಸಿದೋನಿಗೆ ಒಂದೂ ಇಲ್ವಾ?" ವಾಲ್ಟರನೂ ಹುರಿದುಂಬಿಸಿದ. ಯುದ್ಧ ಒಂದೇ, ಶತ್ರು ಒಬ್ಬನೇ, ನಡಿ ಕೇಳೋಣ ಎಂದ.

ಮಗಳಿಗೆ ಹೇಳದೆ ಒಂದು ಮಂಗಳವಾರ ವಾಲ್ಟರನ ಕಾರಿನಲ್ಲಿ ಹೊರಟೆವು. ಮೆಡಲುಗಳನ್ನು ನನ್ನ ಕೈಲಿ ಹುಣಸೆಹಣ್ಣು ಹಾಕಿ ಉಜ್ಜಿಸಿ ಇವರು ಸ್ವೆಟರಿಗೆ ಚುಚ್ಚಿಕೊಂಡರು. ಸೈನ್ಯದ ಡಿಸ್ಚಾರ್ಜ್ ಪುಸ್ತಕ ಜೇಬಿನಲ್ಲಿತ್ತು. ಅದಕ್ಕೆ ಪಾಸ್‌ಪೋರ್ಟಿಗಿಂತ ಹೆಚ್ಚು ಮರ್ಯಾದೆ.

ಮಾಜಿ ಸೈನಿಕರ ಕಚೇರಿಯ ಕಿಟಕಿಯಲ್ಲಿ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಅವಳ ಇಂಗ್ಲಿಷು ನನಗೆ ಕೇಳಿಸುತ್ತದೆ, ತಿಳಿಯುವುದಿಲ್ಲ. ಇವರಿಗೆ ತಿಳಿಯುತ್ತದೆ, ಕೇಳಿಸುವುದಿಲ್ಲ. ಹಾಗಾಗಿ ಅವಳು ಹೇಳಿದ್ದನ್ನು ವಾಲ್ಟರ್ ಇವರ ಕಿವಿಗೆ ಕೂಗಬೇಕು, ಇವರು ಅದನ್ನು ನನಗೆ ಕನ್ನಡದಲ್ಲಿ ಕೂಗಬೇಕು. ಕಾದು ಕೂತಿದ್ದ ಸೈನಿಕರೆಲ್ಲ ತಮ್ಮ ಸರದಿ ಮರೆತು ನಮ್ಮನ್ನೇ ನೋಡಿದರು.

"ಯಾವುದ್ರಲ್ಲಿದ್ರಿ ಅಂತ ಕೇಳ್ತಾಳೆ ಕಣೆ. ಆರ್ಮಿನಾ, ನೇವಿನಾ?"

"ಆರ್ಮಿ ಅನ್ನಿ."

"ಅಂದೆ. ಅಮೆರಿಕದ್ದಾ ಅಂತಾಳೆ."

"ಅಲ್ಲ ಅನ್ನಿ."

"ಅದನ್ನ ಈಗಲೇ ಯಾಕೆ ಹೇಳ್ಬೇಕು?"

ಹೇಳದೆ ವಿಧಿಯಿರಲಿಲ್ಲ. ಪುಣ್ಯಕ್ಕೆ ಅವಳು ಎದ್ದು ಹೋಗಿ ಅನ್ನಲಿಲ್ಲ. ಡಿಸ್ಚಾರ್ಜ್ ಪುಸ್ತಕವನ್ನು ಒಂದೊಂದೇ ಹಾಳೆ ತಿರುವಿ ನೋಡಿದಳು. ಆಮೇಲೆ ದಪ್ಪನೆಯ ಕಾನೂನು ಪುಸ್ತಕವೊಂದನ್ನು ಹೊತ್ತು ತಂದಳು. ಅಮೆರಿಕದ ಜೊತೆಗೂಡಿ ಯುದ್ಧ ಮಾಡಿದ ದೇಶಗಳ ಸೈನಿಕರಿಗೂ ಒಂದು ದಾರಿ ಇದೆಯಂತೆ. ಆದರೆ ಆ ಸೈನಿಕನ ಸ್ವಂತ ಸರಕಾರವೇ ಬರೆದು ಕೇಳಬೇಕು, ಖರ್ಚನ್ನೂ ಒಪ್ಪಿಕೊಳ್ಳಬೇಕು. ಪೋಲೆಂಡಿನವರಿಗೆ ಮಾತ್ರ ಅದೇನೋ ಬೇರೆ ಅನುಕೂಲವಿದೆಯಂತೆ. "ನಿಮ್ಮ ಸರಕಾರ ಯಾವುದು?" ಎಂದಳು.

ಇವರು ತಮ್ಮ ಎದೆಯ ಮೆಡಲುಗಳನ್ನು ನೋಡಿಕೊಂಡರು. ಸೈನ್ಯಕ್ಕೆ ಸೇರಿಸಿಕೊಂಡದ್ದು ಇಂಗ್ಲೆಂಡಿನ ರಾಜ. ಅವನ ಕಡೆಯವರು ನಲವತ್ತೇಳರಲ್ಲೇ ಗಂಟುಮೂಟೆ ಕಟ್ಟಿದರು. ಈಗಿನ ದಿಲ್ಲಿಯವರು ಆಗ ಇರಲೇ ಇಲ್ಲ.

"ಪೋಲೆಂಡಲ್ಲಾದ್ರೂ ಹುಟ್ಟಬಾರದಿತ್ತಾ ನೀವು?" ಎಂದೆ. ಇದೊಂದು ಮಾತು ಯಾರೂ ಕೂಗದೆ ಇವರಿಗೆ ಕೇಳಿಸಿತು.

ಮುಂದಿನ ವಾರ ಲಾಸ್ ಏಂಜಲೀಸಿನಲ್ಲಿರುವ ಇಂಗ್ಲಿಷರ ಕಚೇರಿಗೆ ಹೋದೆವು. ಕಾರು ಓಡಿಸಿದ್ದು ವಾಲ್ಟರನೇ. ಇಂಗ್ಲಿಷರು ಮಧ್ಯಾಹ್ನದ ಊಟ ಹಾಕುವವರಲ್ಲ ಎಂದು ನಾನು ಚಿತ್ರಾನ್ನ ಕಟ್ಟಿಕೊಂಡಿದ್ದೆ. ಅಲ್ಲಿದ್ದ ಅಧಿಕಾರಿ ಮೆಡಲು ನೋಡಿ ಎದ್ದು ನಿಂತ, ಟೀ ತರಿಸಿದ, ಲಂಡನ್ನಿಗೆ ಬರೆಯುತ್ತೇನೆ ಎಂದ. ಇವರ ಎದೆ ಸ್ವೆಟರಿನೊಳಗೆ ಹಿಡಿಸಲಿಲ್ಲ. ಬರುವಾಗ ನಮ್ಮ ದೇಶದವರ ಅಂಗಡಿಗಳಿರುವ ಆರ್ಟೀಸಿಯಾದಲ್ಲಿ ಇಳಿದು ಎಲ್ಲರಿಗೂ ಜಿಲೇಬಿ ಕೊಡಿಸಿದರು. ವಾಲ್ಟರ್ ಮೆಣಸಿನಕಾಯಿ ಬಜ್ಜಿಯನ್ನು ಬೀನ್ಸಿನ ಪಲ್ಯದಂತೆ ಬಾಯಿಗೆ ತುಂಬಿಕೊಂಡು, ಯುದ್ಧದಲ್ಲೂ ಇಷ್ಟು ಅತ್ತಿರಲಿಲ್ಲ ಎಂದ.

ಮೂರು ತಿಂಗಳಿಗೆ ಉತ್ತರ ಬಂತು. ಕಾಗದ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಕಿವಿ ಮಾತ್ರ ಇರಲಿಲ್ಲ.

ಇವರು ಮೆಡಲು ಬಿಚ್ಚಿ ಪೆಟ್ಟಿಗೆಗೆ ಹಾಕಿ ಮಾತು ನಿಲ್ಲಿಸಿದರು. ಕಿವುಡ ಮಾತಾಡುತ್ತಿದ್ದರೆ ಮನೆಗೆ ತೊಂದರೆಯಿಲ್ಲ. ಕಿವುಡನೂ ಸುಮ್ಮನಾದರೆ ಮನೆಯಲ್ಲಿ ಒಬ್ಬರು ಕಡಿಮೆಯಾದಂತೆಯೇ. ವಾರವಿಡೀ ನೋಡಿ ನನಗೆ ಸಾಕಾಯಿತು. ಸುರೇಶನಿಗೆ ಹೇಳಿದೆ, "ಇವರಿಗೆ ಬೇಕಾಗಿರೋದು ಮಿಷನ್ ಅಲ್ವೋ, ಅರ್ಜಿ. ಒಂದು ಫಾರಂ ಮಾಡ್ಕೊಂಡು ಬಾ."

ಭಾನುವಾರ ಊಟವಾದ ಮೇಲೆ ಅವನು ಕಂಪ್ಯೂಟರಿನಲ್ಲಿ ಮಾಡಿದ ಫಾರಂ ಒಂದನ್ನು ಇವರ ಮುಂದಿಟ್ಟ. ಹೆಸರು, ನಂಬರು, ದರ್ಜೆ, ಕಿವಿ ಕೆಟ್ಟ ಸ್ಥಳ, ಎಲ್ಲದಕ್ಕೂ ಗೆರೆ ಎಳೆದಿದ್ದ.

ಇವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದು ಯಾವ ಸರಕಾರದ್ದು?"

"ಈ ಮನೇದು ಮಾವ!" ಎಂದು ಸುರೇಶ ಕೂಗಿದ.

ಹಾಳೆ ತಿರುವಿ ಹಿಂಬದಿಯನ್ನೂ ನೋಡಿದರು. ಹರಿದು ಹಾಕುತ್ತಾರೆ ಎಂದುಕೊಂಡೆ. ಪೆನ್ನು ಕೇಳಿದರು. ಸೇತುವೆಯ ಹತ್ತಿರ ಬಿದ್ದ ಶೆಲ್ಲಿಗೆ ಗೆರೆ ಸಾಲದೆ ಹಾಳೆಯ ಹಿಂದಕ್ಕೂ ಬರೆದರು. ಸುರೇಶ ಗಂಭೀರವಾಗಿ ಪರಿಶೀಲಿಸಿ ತಲೆಯಾಡಿಸಿದ. "ಕೇಳಿಕೊಳ್ಳೋ ಸರಕಾರದ ಪತ್ರ ಇಲ್ವಲ್ಲ ಮಾವ? ಅದಿಲ್ಲದೆ ಆಗಲ್ಲ."

ಇವರ ಮುಖ ಇಳಿಯಿತು. ನಾನು ಪೆನ್ನು ಕಸಿದುಕೊಂಡು ಕೆಳಗೆ ಬರೆದೆ: "ಇವರು ನಮ್ಮವರು. ಕಿವಿ ಕೊಡತಕ್ಕದ್ದು. ಅದರ ಉಪಯೋಗ ನನಗೇ ಹೆಚ್ಚು." ಸಹಿಯನ್ನೂ ಹಾಕಿದೆ.

"ನೀನು ಸರಕಾರವೇನೇ?"

"ನಲವತ್ತೆಂಟು ವರ್ಷದಿಂದ ಇನ್ಯಾರು ಅಂದ್ಕೊಂಡಿದ್ರಿ?"

ನಕ್ಕರು. ಸುರೇಶ ಮೇಲ್ಗಡೆ "ಅರ್ಹರು" ಎಂದು ಬರೆದುಕೊಟ್ಟ. ಅದನ್ನು ಮಡಚಿ ಡಿಸ್ಚಾರ್ಜ್ ಪುಸ್ತಕದೊಳಗೆ ಇಟ್ಟುಕೊಂಡು ಮರುದಿನ ತಾವೇ ಹೋಗಿ ಸುರೇಶನ ಕಾರಿನಲ್ಲಿ ಕೂತರು. ಮಿಷನ್ ಹಾಕಿಸಿಕೊಂಡು ಮನೆಗೆ ಬಂದು ಆಡಿದ ಮೊದಲ ಮಾತು, "ಇಷ್ಟು ಜೋರಾಗಿ ಯಾಕೆ ಅರಚ್ತೀಯ?"

ಇವರು ತೀರಿಕೊಂಡು ಮೂರು ವರ್ಷವಾಯಿತು. ನನ್ನ ಎರಡು ಕಣ್ಣಿಗೂ ಪೊರೆ ಬಂದು, ಇದನ್ನು ಬರೆಯುವಾಗ ಗೆರೆಗಳು ಒಂದರ ಮೇಲೊಂದು ಹತ್ತುತ್ತಿವೆ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಸುರೇಶ ಹೇಳಿದಾಗಲೆಲ್ಲ, ಈ ವಯಸ್ಸಿಗೆ ನಿನ್ನ ಕೈಲಿ ಕಣ್ಣು ಯಾಕಪ್ಪ ಮಾಡಿಸ್ಕೊಳ್ಲಿ ಎನ್ನುತ್ತಿದ್ದೆ. ಇಷ್ಟು ಬರೆದು ಮೊದಲಿಂದ ಓದಿ ನೋಡಿದರೆ, ಆ ಮಾತು ಯಾರದೆಂದು ಗೊತ್ತಾಗಿ ನಾಚಿಕೆಯಾಯಿತು. ಎದ್ದು ಹೋಗಿ, "ಕಣ್ಣಿನ ಡಾಕ್ಟರ ಹತ್ರ ದಿನ ಗೊತ್ತುಮಾಡು" ಎಂದೆ.

ಅವನು ತುಟಿಯೊಳಗೇ ನಕ್ಕ. "ಫಾರಂ ಪ್ರಿಂಟ್ ಮಾಡ್ಲಾ ಅತ್ತೆ?"

"ಸರಕಾರದ ಕೈಲಿ ಯಾರಾದ್ರೂ ಅರ್ಜಿ ಬರೆಸ್ತಾರೇನೋ? ಫೋನ್ ಮಾಡು, ಸಾಕು."